ಥರ್ಮಾಕೋಲ್ ಅಚ್ಚಿನ ಕಾಂಕ್ರೀಟ್ ಗೋಡೆ ನಮ್ಮ ಕಡೆ ಬಿಸಿಲಿಗೆ ಬೇಕಾ?

ಶಿಡ್ಲಘಟ್ಟದ ರೈತ

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟದ ಹತ್ತಿರದ ಹಳ್ಳಿ ನಮ್ಮದು. ಎರಡು ಎಕರೆ ಹಿಪ್ಪುನೇರಳೆ ಇದೆ. ಈಗ ಇರುವುದು ತಾತ ಕಟ್ಟಿಸಿದ ಕಲ್ಲು ಚಪ್ಪಡಿ ಮನೆ. ಗೋಡೆಯೂ ಕಲ್ಲು, ಮೇಲೂ ಕಲ್ಲು. ಬೇಸಿಗೆಯಲ್ಲಿ ಸಂಜೆ ಏಳಕ್ಕೆ ಒಳಗೆ ನಿಂತರೆ ನೆತ್ತಿ ಮೇಲೆ ಕಾದ ಹೆಂಚು ಹಿಡಿದ ಹಾಗಿರುತ್ತದೆ. ಅಮ್ಮ ದಿನಾ ಸಂಜೆ ನಾಲ್ಕು ಬಿಂದಿಗೆ ನೀರು ಹೊತ್ತುಕೊಂಡು ಹೋಗಿ ಚಪ್ಪಡಿ ಮೇಲೆ ಸುರಿಯುತ್ತಾರೆ, ಚುಂಯ್ ಅನ್ನುತ್ತದೆ. ಅಪ್ಪ ಮಾರ್ಚ್‌ನಿಂದ ಜೂನ್ ತನಕ ಜಗಲಿ ಬಿಟ್ಟು ಒಳಗೆ ಮಲಗಿದ್ದನ್ನು ನಾನು ನೋಡಿಲ್ಲ.

ಈಗ ಪಕ್ಕದ ಜಾಗದಲ್ಲಿ ಹೊಸ ಮನೆ ಕಟ್ಟಬೇಕು ಅಂತಿದ್ದೇವೆ. ಒಂದೇ ಅಂತಸ್ತು. ಜೊತೆಗೆ ರೇಷ್ಮೆ ಹುಳ ಸಾಕಲು ಒಂದು ಹೊಸ ಹುಳದ ಮನೆ. ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಥರ್ಮಾಕೋಲ್ ಡಬ್ಬಗಳನ್ನು ಒಂದರ ಮೇಲೊಂದು ಜೋಡಿಸಿ ಮಧ್ಯಕ್ಕೆ ಕಾಂಕ್ರೀಟ್ ಸುರಿಯುತ್ತಾರೆ. ಡಬ್ಬ ಬಿಚ್ಚುವುದೇ ಇಲ್ಲ. ಐಸಿಎಫ್ (ಇನ್ಸುಲೇಟೆಡ್ ಕಾಂಕ್ರೀಟ್ ಫಾರ್ಮ್) ಅನ್ನುತ್ತಾರಂತೆ. ಕರೆಂಟ್ ಬಿಲ್ ಅರ್ಧ, ಬಿರುಗಾಳಿಗೂ ಭೂಕಂಪಕ್ಕೂ ಜಗ್ಗಲ್ಲ ಅಂತೆಲ್ಲ ಹೇಳಿದರು. ನಮ್ಮ ಮೇಸ್ತ್ರಿಗೆ ತೋರಿಸಿದರೆ "ಐಸ್‌ಕ್ಯಾಂಡಿ ಡಬ್ಬದಲ್ಲಿ ಸಂಸಾರ ಮಾಡ್ತೀಯೇನಪ್ಪಾ" ಅಂತ ನಕ್ಕುಬಿಟ್ಟರು. ಗೊತ್ತಿರುವವರು ಹೇಳಿ, ಇದು ನಮ್ಮ ಕಡೆಗೆ ಆಗುತ್ತದಾ?

ಕೋಲಾರದ ಸೈಟ್ ಇಂಜಿನಿಯರ್

ನಿಮ್ಮ ಮೇಸ್ತ್ರಿ ನಕ್ಕರೂ ವಸ್ತು ಗಟ್ಟಿನೇ. ಹೊಸದೂ ಅಲ್ಲ. ಕೆನಡಾದ ವರ್ನರ್ ಗ್ರೆಗೊರಿ ಅನ್ನುವ ಕಾಂಟ್ರಾಕ್ಟರ್ 1960ರ ದಶಕದಲ್ಲೇ ಇದಕ್ಕೆ ಪೇಟೆಂಟ್ ಹಾಕಿದ್ದರು.

ಒಳಗೊಂದು ಹೊರಗೊಂದು ಎರಡೂವರೆ ಇಂಚಿನ ಹಲಗೆ ಇರುತ್ತದೆ. ಟಿವಿ ಪ್ಯಾಕಿಂಗ್‌ಗೆ ಬರುವ ಪುಡಿಪುಡಿ ಥರ್ಮಾಕೋಲ್ ಅಲ್ಲ, ಅದಕ್ಕಿಂತ ಬಿಗಿ. ಎರಡನ್ನೂ ಪ್ಲಾಸ್ಟಿಕ್ ಪಟ್ಟಿಗಳು ಹಿಡಿದುಕೊಂಡಿರುತ್ತವೆ. ನಡುವೆ ಸಾಮಾನ್ಯವಾಗಿ ಆರು ಇಂಚು ಖಾಲಿ. ಅದರೊಳಗೆ ಅಡ್ಡ, ಉದ್ದ ಕಂಬಿ ಇಟ್ಟು ಕಾಂಕ್ರೀಟ್ ತುಂಬುವುದು. ಅಂದರೆ ಕಾಂಕ್ರೀಟಿಗೆ ಅಚ್ಚಾಗುವ ಸೆಂಟ್ರಿಂಗೇ ಕೊನೆಗೆ ಶಾಖ ತಡೆಯುವ ಪದರ ಆಗಿ ಉಳಿಯುತ್ತದೆ.

ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಜೊತೆ ಹೋಲಿಸಿದರೆ ಇದರಲ್ಲಿ ಶಾಖ ಹಾಯುವುದು ಹೆಚ್ಚುಕಮ್ಮಿ ಏಳರಲ್ಲಿ ಒಂದು ಪಾಲು. ಹತ್ತಡಿ ಉದ್ದ ಹತ್ತಡಿ ಎತ್ತರದ ಗೋಡೆ ಇಟ್ಕೊಳ್ಳಿ, ಒಳಗೂ ಹೊರಗೂ ಹತ್ತು ಡಿಗ್ರಿ ವ್ಯತ್ಯಾಸ. ಇಟ್ಟಿಗೆಯಾದರೆ ಹಳೇ ನೂರು ವ್ಯಾಟಿನ ಬಲ್ಬು ಎರಡು ಉರಿಸಿದಷ್ಟು ಶಾಖ ಒಳಗೆ ಬರುತ್ತದೆ. ಐಸಿಎಫ್ ಆದರೆ ಕಾಲು ಬಲ್ಬು.

ನನಗೆ ಜಾಸ್ತಿ ಇಷ್ಟ ಆಗಿದ್ದು ಬೇರೆ. ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಹಸಿಯಾಗಿಡಲು, ನೀರು ಬೇಡ. ಎರಡೂ ಕಡೆ ಥರ್ಮಾಕೋಲ್ ಮುಚ್ಚಿರುವುದರಿಂದ ಕಾಂಕ್ರೀಟಿನ ತೇವ ಆರಿಹೋಗಲ್ಲ. ಸಾವಿರದಿನ್ನೂರು ಅಡಿ ಬೋರ್ ಕೊರೆಸಿ, ಆಮೇಲೂ ಟ್ಯಾಂಕರ್ ತರಿಸುವ ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಡಲ್ಲಾಸ್‌ನಿಂದ ಚಿಂತಾಮಣಿ ಹುಡುಗ

ಕಟ್ಟಿಸಿ ಅಣ್ಣ, ಯೋಚನೆ ಮಾಡಬೇಡಿ! ನಾನಿರುವ ಬೀದಿಯಲ್ಲೇ ಒಂದು ಐಸಿಎಫ್ ಮನೆ ಇದೆ. ಹೊರಗೆ ನಲವತ್ತು ಡಿಗ್ರಿ ಇದ್ದಾಗ ಕರೆಂಟ್ ಹೋದರೂ ರಾತ್ರಿವರೆಗೆ ಒಳಗೆ ತಣ್ಣಗಿರುತ್ತದೆ. ಇಲ್ಲಿ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಸುಂಟರಗಾಳಿ ಪರೀಕ್ಷೆ ಮಾಡಿದ್ದಾರೆ. ಸುಮಾರು ಏಳು ಕೆಜಿ ಮರದ ತುಂಡನ್ನು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಹೊಡೆದರು. ಮಾಮೂಲಿ ಮರದ ಗೋಡೆ ತೂತು ಬಿತ್ತು, ಐಸಿಎಫ್ ಗೋಡೆ ತಡೆದುಕೊಂಡಿತು. ಬಿಲ್ ಕೂಡ ನಿಜಕ್ಕೂ ಕಮ್ಮಿ.

ಮಾಲೂರಿನ ಗಾರೆ ಕೆಲಸದವನು

ಮರದ ಗೋಡೆ ಜೊತೆ ಹೋಲಿಸಿದರೆ ಯಾವುದೂ ಗಟ್ಟಿನೇ ಬಿಡಪ್ಪ. ನಮ್ಮೂರಲ್ಲಿ ಇಟ್ಟಿಗೆ ಗೂಡು ಬೀದಿಗೊಂದಿದೆ. ನಾನು ಕೇಳುವುದು ಇಷ್ಟೇ. ದೇವರ ಫೋಟೋಗೆ ಮೊಳೆ ಎಲ್ಲಿ ಹೊಡೆಯುವುದು? ಗೆದ್ದಲು, ಇಲಿ ಏನು ಮಾಡುತ್ತವೆ? ಥರ್ಮಾಕೋಲ್ ಮೇಲೆ ಗಾರೆ ನಿಲ್ಲುತ್ತದಾ?

ಕೋಲಾರದ ಸೈಟ್ ಇಂಜಿನಿಯರ್

ಅಣ್ಣ ಸರಿಯಾದ ಜಾಗಕ್ಕೇ ಕೈ ಹಾಕಿದಿರಿ.

ಗಾರೆ ನೇರವಾಗಿ ನಿಲ್ಲಲ್ಲ. ಅಂಟಿನ ಪದರ, ಅದರ ಮೇಲೆ ಫೈಬರ್ ಜಾಲರಿ, ಆಮೇಲೆ ಗಾರೆ. ಫೋಟೋ ಮೊಳೆಯನ್ನು ಒಳಗಿನ ಪ್ಲಾಸ್ಟಿಕ್ ಪಟ್ಟಿ ಇರುವ ಕಡೆ ಹೊಡೆಯಬೇಕು. ಗೀಸರ್, ಅಟ್ಟದಂಥ ಭಾರ ಇದ್ದರೆ ಕಾಂಕ್ರೀಟ್ ತನಕ ಡ್ರಿಲ್ ಹೋಗಬೇಕು. ವೈರಿಂಗ್ ಪೈಪಿಗೆ ಮಾತ್ರ ಗೋಡೆ ಒಡೆಯುವ ಕೆಲಸ ಇಲ್ಲ, ಬಿಸಿ ಚಾಕುವಿನಲ್ಲಿ ಫೋಮಿನಲ್ಲೇ ಸಣ್ಣ ಕಾಲುವೆ ಕೊರೆದರೆ ಆಯಿತು.

ಗೆದ್ದಲು ಥರ್ಮಾಕೋಲ್ ತಿನ್ನಲ್ಲ, ಅದರಲ್ಲಿ ಅದಕ್ಕೆ ಊಟ ಇಲ್ಲ. ಆದರೆ ಕೊರೆದುಕೊಂಡು ಒಳಗೊಳಗೇ ದಾರಿ ಮಾಡುತ್ತದೆ, ಕಣ್ಣಿಗೆ ಬೀಳಲ್ಲ. ಕೊನೆಗೆ ಬಾಗಿಲ ಚೌಕಟ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಮೆರಿಕದಲ್ಲೇ ಗೆದ್ದಲು ತೀರಾ ಜಾಸ್ತಿ ಇರುವ ದಕ್ಷಿಣದ ರಾಜ್ಯಗಳಲ್ಲಿ ನೆಲದ ಮಟ್ಟಕ್ಕಿಂತ ಕೆಳಗೆ ಇಂಥ ಫೋಮ್ ಹಾಕುವುದಕ್ಕೆ ನಿಯಮದ ಅಡ್ಡಿ ಇದೆ. ನಮ್ಮ ಕೆಂಪು ಮಣ್ಣಿನ ಹುತ್ತಗಳನ್ನು ನೋಡಿದವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಪಾಯ ಮತ್ತು ನೆಲದಿಂದ ಮೇಲೆ ಒಂದೂವರೆ ಅಡಿ ಪ್ಲಿಂತ್ ಕಲ್ಲಿನಲ್ಲೇ ಮುಗಿಸಿ, ಅದರ ಮೇಲೆ ಶುರು ಮಾಡಬೇಕು. ಇಲಿಗೂ ಅದೇ ಮದ್ದು. ಎಲ್ಲೂ ಫೋಮನ್ನು ಮುಚ್ಚದೆ ಬಿಡಬಾರದು.

ಬೆಂಕಿಯನ್ನು ಯಾರೂ ಕೇಳಲಿಲ್ಲ. ಫೋಮ್ ನೂರು ಡಿಗ್ರಿ ಸುತ್ತಮುತ್ತಲೇ ಮೆತ್ತಗಾಗುತ್ತದೆ, ಸುಟ್ಟರೆ ಕೆಟ್ಟ ಹೊಗೆ. ಅದಕ್ಕೇ ಒಳಗಡೆ ಗಾರೆಯೋ ಜಿಪ್ಸಮ್ ಬೋರ್ಡೋ ಮುಚ್ಚಲೇಬೇಕು. ಸೌದೆ ಒಲೆ ಇರುವ ಅಡುಗೆಮನೆಯಲ್ಲಿ ಬೇಡವೇ ಬೇಡ.

ಚಿಕ್ಕಬಳ್ಳಾಪುರ ಬೈಪಾಸ್

ಇಂಜಿನಿಯರ್ ಸಾರ್, ನೀವೇ ಕಟ್ಟಿದ್ದೀರಾ ಅಥವಾ ಓದಿದ್ದಾ? ಸುಮ್ನೆ ಕೇಳಿದೆ, ಬೇಜಾರಾಗಬೇಡಿ.

ಕೋಲಾರದ ಸೈಟ್ ಇಂಜಿನಿಯರ್

ಬೇಜಾರೇನಿಲ್ಲ. ಒಂದೇ ಒಂದು ಕಟ್ಟಿಸಿದ್ದೇನೆ, ಒಂದು ತೋಟದ ಮನೆ. ಜಾಗ, ಮಾಲೀಕರ ಹೆಸರು ಬೇಡ. ಆವತ್ತಿನ ಕಥೆ ಹೇಳುತ್ತೇನೆ, ಖರ್ಚಿನ ಲೆಕ್ಕಕ್ಕಿಂತ ಅದು ಉಪಯೋಗಕ್ಕೆ ಬರುತ್ತದೆ.

ಡಬ್ಬ ಜೋಡಿಸುವುದು ಮಕ್ಕಳಾಟ. ನಾಲ್ಕು ಜನ ಮೂರು ದಿನದಲ್ಲಿ ಹತ್ತಡಿ ಎತ್ತರ ನಿಲ್ಲಿಸಿದರು. ಕಷ್ಟ ಇರುವುದು ಕಾಂಕ್ರೀಟ್ ಸುರಿಯುವ ದಿನ. ಒಂದು ಸಲಕ್ಕೆ ಮೂರರಿಂದ ನಾಲ್ಕಡಿ ಮಾತ್ರ ತುಂಬಬೇಕು. ಮನೆ ಸುತ್ತ ಒಂದು ಸುತ್ತು ಮುಗಿಸಿ, ಕೆಳಗಿನದು ಸ್ವಲ್ಪ ಬಿಗಿಯಾದ ಮೇಲೆ ಎರಡನೇ ಸುತ್ತು. ನಮ್ಮಲ್ಲಿ ಪಂಪಿನವನಿಗೆ ಆತುರ. ಮಧ್ಯಾಹ್ನ ಇನ್ನೊಂದು ಸೈಟಿಗೆ ಹೋಗಬೇಕಿತ್ತು. ಬೇಡ ಅಂದರೂ ಪೈಪನ್ನು ಒಂದೇ ಕಡೆ ಹಿಡಿದು ಸುರಿದ. ಪಡುವಣ ಕಿಟಕಿ ಪಕ್ಕದ ಮೂಲೆ ಮೊದಲು ಹೊಟ್ಟೆ ಬಂದ ಹಾಗೆ ಉಬ್ಬಿತು. ಟಪ್ ಅಂತ ಒಂದು ಸದ್ದು. ಡಬ್ಬ ಸೀಳಿ ಕಾಂಕ್ರೀಟ್ ಗಂಜಿ ಹಾಗೆ ನೆಲಕ್ಕೆ. ಒಬ್ಬ ಹುಡುಗ ಬೆನ್ನು ಕೊಟ್ಟು ನಿಂತ, ಇನ್ನಿಬ್ಬರು ಸರ್ವೆ ಮರ ತಂದು ಹಲಗೆ ಒತ್ತಿ ಕಟ್ಟಿದರು. ಇಪ್ಪತ್ತು ಬಾಂಡ್ಲಿ ಕಾಂಕ್ರೀಟ್ ಹಾಳಾಯಿತು. ಆ ಮೂಲೆ ಇವತ್ತಿಗೂ ಅರ್ಧ ಇಂಚು ಹೊರಗಿದೆ, ಗಾರೆಯಲ್ಲಿ ಮುಚ್ಚಿದ್ದೇವೆ.

ಇದಕ್ಕಿಂತ ದೊಡ್ಡ ಭಯ ಇನ್ನೊಂದು. ಮಾಮೂಲಿ ಸೆಂಟ್ರಿಂಗ್ ಬಿಚ್ಚಿದಾಗ ಕಾಂಕ್ರೀಟಿನಲ್ಲಿ ಜೇನುಗೂಡಿನಂಥ ತೂತು ಬಿದ್ದಿದ್ದರೆ ಕಾಣುತ್ತದೆ, ತುಂಬುತ್ತೇವೆ. ಇಲ್ಲಿ ಡಬ್ಬ ಬಿಚ್ಚುವ ಹಾಗಿಲ್ಲ. ಒಳಗೆ ಪೊಳ್ಳು ಉಳಿದರೆ ಯಾರಿಗೂ ಗೊತ್ತಾಗಲ್ಲ. ಇಪ್ಪತ್ತು ಎಂಎಂ ಜಲ್ಲಿ ಕಲ್ಲು ಬೇಡ, ಹತ್ತು ಹನ್ನೆರಡು ಎಂಎಂ ಬೇಕು. ಸಣ್ಣ ಸೂಜಿ ವೈಬ್ರೇಟರ್ ಬೇಕು. ಅದನ್ನು ಹಿಡಿಯುವವನಿಗೆ ತಾಳ್ಮೆಯೂ ಬೇಕು.

ಒಂದಂತಸ್ತಿನ ಮನೆಗೆ ಬರೀ ಹೊರಗೋಡೆಯೇ ಸಾವಿರ ಚದರಡಿ ಅಂತ ಇಟ್ಕೊಳ್ಳಿ. ಆರು ಇಂಚಿಗೆ 500 ಘನ ಅಡಿ, ಅಂದರೆ 14 ಘನ ಮೀಟರ್ ಕಾಂಕ್ರೀಟ್. ಸುಮಾರು ನೂರು ಮೂಟೆ ಸಿಮೆಂಟು ಗೋಡೆಗೇ ಹೋಯಿತು. ಕಂಬಿ, ಡಬ್ಬ ಬೇರೆ. ಡಬ್ಬ ಹಗುರ, ಆದರೆ ಲಾರಿ ತುಂಬಾ ಜಾಗ ತಿನ್ನುತ್ತದೆ, ಬಾಡಿಗೆ ಜಾಸ್ತಿ.

ತುಮಕೂರಿನ ಆರ್ಕಿಟೆಕ್ಟ್ ಅಕ್ಕ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಎಲ್ಲರೂ ಗೋಡೆ ಹಿಡಿದುಕೊಂಡಿದ್ದೀರಿ. ಶಿಡ್ಲಘಟ್ಟದ ತಮ್ಮ ಮೊದಲೇ ಹೇಳಿದ್ದಾರಲ್ಲ, ಬಿಸಿ ಎಲ್ಲಿಂದ ಬರುತ್ತದೆ ಅಂತ. ನೆತ್ತಿ ಮೇಲಿಂದ. ಅವರಮ್ಮ ನೀರು ಸುರಿಯುವುದು ಗೋಡೆಗಲ್ಲ.

ನಾವಿರುವುದು ಹದಿಮೂರು ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆ ವಾರದಲ್ಲಿ ಒಂದು ಸಲ, ಆಗಸ್ಟ್‌ನಲ್ಲಿ ಇನ್ನೊಂದು ಸಲ ಸೂರ್ಯ ಸರಿಯಾಗಿ ತಲೆ ಮೇಲೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳಲ್ಲ. ಅಂದರೆ ನಮ್ಮ ಬೇಸಿಗೆಯಲ್ಲಿ ದಕ್ಷಿಣದ ಗೋಡೆಗೆ ಎರಡಡಿ ಸಜ್ಜೆ ಇದ್ದರೆ ಬಿಸಿಲು ಹೆಚ್ಚುಕಮ್ಮಿ ತಾಕುವುದೇ ಇಲ್ಲ. ಬೆಳಿಗ್ಗೆ ಮೂಡಣ, ಸಂಜೆ ಪಡುವಣ ಗೋಡೆ ಕಾಯುತ್ತವೆ. ತಾರಸಿ ಮಾತ್ರ ಇಡೀ ದಿನ.

ಇಂಜಿನಿಯರ್ ಬಲ್ಬಿನ ಲೆಕ್ಕ ಕೊಟ್ಟರು, ಅದನ್ನೇ ಮುಂದುವರಿಸೋಣ. ಐದು ಇಂಚಿನ ಬರೀ ಮೋಲ್ಡ್ (ಕಾಂಕ್ರೀಟ್ ತಾರಸಿ), ಮಧ್ಯಾಹ್ನ ಅದರ ಮೇಲ್ಮೈ 60 ಡಿಗ್ರಿ, ಒಳಗೆ 30 ಅಂತ ಇಟ್ಕೊಳ್ಳಿ. ಹತ್ತಡಿಗೆ ಹತ್ತಡಿ ಜಾಗದಿಂದ ಸುಮಾರು ಸಾವಿರ ವ್ಯಾಟ್ ಇಳಿಯುತ್ತದೆ. ಒಂದು ಇಸ್ತ್ರಿ ಪೆಟ್ಟಿಗೆಯನ್ನು ಸೂರಿಗೆ ಕಟ್ಟಿಟ್ಟ ಹಾಗೆ, ಪ್ರತಿ ಕೋಣೆಗೊಂದು. ಅದೇ ಮೋಲ್ಡ್ ಮೇಲೆ ಎರಡು ಇಂಚು ಒಳ್ಳೆ ಫೋಮ್ ಹಾಕಿದರೆ 170ಕ್ಕೆ ಇಳಿಯುತ್ತದೆ. ಅದರ ಮೇಲೆ ಬಿಳಿ ಹೆಂಚಿನ ಚೂರು ಹಾಸಿದರೆ ಇನ್ನೂ ಕಮ್ಮಿ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಮನೆಗಳಿಗೆ ಅಂತ ಇಕೋ ನಿವಾಸ್ ಸಂಹಿತೆ ತಂದಿತು. ಅದರಲ್ಲಿ ಮೇಲ್ಛಾವಣಿಗೇ ಬೇರೆ ಮಿತಿ ಇಟ್ಟಿದ್ದಾರೆ, ಚದರ ಮೀಟರಿಗೆ ಡಿಗ್ರಿಗೆ 1.2 ವ್ಯಾಟ್ ದಾಟಬಾರದು ಅಂತ. ಬರೀ ಮೋಲ್ಡ್ ಅದರ ಮೂರು ಪಟ್ಟು. ನಮ್ಮಲ್ಲಿ ಎಷ್ಟು ಮನೆ ಪಾಸಾಗುತ್ತವೋ ನೋಡಿ!

ಡಲ್ಲಾಸ್ ತಮ್ಮನಿಗೆ ಒಂದು ಮಾತು. ಅಲ್ಲಿ ಕಿಟಕಿ ಮುಚ್ಚಿ, ವರ್ಷವೆಲ್ಲ ಎಸಿಯೋ ಹೀಟರೋ ಓಡಿಸುತ್ತೀರಿ. ಅಲ್ಲಿ ಉಳಿತಾಯ ನಿಜ. ಇಲ್ಲಿ ಹಳ್ಳಿ ಮನೆಯಲ್ಲಿ ಎಸಿ ಎಲ್ಲಿದೆ? ಓಡುವುದು ಎರಡು ಫ್ಯಾನು. ಇಲ್ಲದ ಬಿಲ್ಲನ್ನು ಅರ್ಧ ಮಾಡುವುದು ಹೇಗೆ?

ಇನ್ನೊಂದು ಇದೆ, ಇದನ್ನು ಯಾವ ವಿಡಿಯೋದವರೂ ಹೇಳಲ್ಲ. ನಮ್ಮ ಕಡೆ ಹಗಲು ಎಷ್ಟೇ ಕಾದರೂ ರಾತ್ರಿ ಗಾಳಿ ತಣ್ಣಗಾಗುತ್ತದೆ. ದಪ್ಪ ಗೋಡೆ ರಾತ್ರಿ ಆ ತಂಪು ಕುಡಿದು, ಮಾರನೇ ದಿನ ಮಧ್ಯಾಹ್ನದವರೆಗೆ ಕೊಡುತ್ತದೆ. ಸಿರಾ, ಮಧುಗಿರಿ, ಪಾವಗಡ ಕಡೆಯ ಮಣ್ಣಿನ ಮಾಳಿಗೆ ಮನೆಗಳ ಗುಟ್ಟು ಅದೇ. ಐಸಿಎಫ್‌ನಲ್ಲಿ ಕಾಂಕ್ರೀಟ್ ಇದೆ, ಆದರೆ ನಿಮಗೂ ಅದಕ್ಕೂ ನಡುವೆ ಎರಡೂವರೆ ಇಂಚು ಥರ್ಮಾಕೋಲ್. ಫ್ರಿಜ್ ಬಾಗಿಲು ಹಾಕಿಕೊಂಡು ಹೊರಗೆ ನಿಂತ ಹಾಗೆ. ಫೋಮ್ ಹೊರಗಡೆ ಮಾತ್ರ ಇದ್ದು, ಇಟ್ಟಿಗೆಯೋ ಕಲ್ಲೋ ಒಳಗಡೆ ಇದ್ದರೆ ಅದು ನಮ್ಮ ಹವೆಗೆ ಸರಿ.

ಊರಿನ ಹವೆಗೆ, ಊರಿನ ವಸ್ತುವಿಗೆ ತಕ್ಕ ಹಾಗೆ ಕಟ್ಟುವ ಯೋಚನೆ ನಮ್ಮ ಜಿಲ್ಲೆಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರು ಮಾಡಿದ ಅಸ್ತ್ರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಇಟ್ಟುಕೊಂಡಿತ್ತು. ಅಸ್ತ್ರ ಒಲೆ ಅಂದರೆ ಹಳಬರಿಗೆ ನೆನಪಾಗುತ್ತದೆ. ಸಿಮೆಂಟು ಸ್ವಲ್ಪ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಮೇಲೂ ಅದೇ ತಂಡ ವರ್ಷಗಟ್ಟಲೆ ಕೆಲಸ ಮಾಡಿದೆ.

ಡಲ್ಲಾಸ್‌ನಿಂದ ಚಿಂತಾಮಣಿ ಹುಡುಗ

ಅಕ್ಕ, ಎಸಿ ಮಾತು ಒಪ್ಪಿದೆ. ಆದರೆ ಭೂಕಂಪ? 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರ ಕಡೆ ಭೂಮಿ ಅಲುಗಿದಾಗ ಜನ ರಾತ್ರಿಯೆಲ್ಲ ಹೊರಗೆ ಕೂತಿದ್ದರು. ಅಮ್ಮ ಅಳುತ್ತಾ ಫೋನ್ ಮಾಡಿದ್ದರು.

ಕೋಲಾರದ ಸೈಟ್ ಇಂಜಿನಿಯರ್

ಆವತ್ತಿನದು ತೀವ್ರತೆ ಮೂರರ ಆಸುಪಾಸು. ಪಾತ್ರೆ ಸದ್ದು ಮಾಡುತ್ತವೆ, ಸರಿಯಾಗಿ ಕಟ್ಟಿದ ಮನೆ ಬೀಳಲ್ಲ. 2002ರ ನಕ್ಷೆಯಲ್ಲಿ ನಮ್ಮದು ಎರಡನೇ ವಲಯ, ಇದ್ದುದರಲ್ಲಿ ಕಡಿಮೆ ಅಪಾಯದ್ದು. ಹಾಗಂತ ಸುಮ್ಮನಿರಬೇಡಿ. ಇಟ್ಟಿಗೆ ಗೋಡೆಗೆ ಪ್ಲಿಂತ್‌ನಲ್ಲಿ ಒಂದು, ಬಾಗಿಲ ಮೇಲೆ ಒಂದು, ಸೂರಿನ ಕೆಳಗೆ ಒಂದು, ಸುತ್ತಲೂ ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿ ಕಟ್ಟಿ. ಮೂಲೆಗಳಲ್ಲಿ ನೆಟ್ಟಗೆ ಒಂದು ಕಂಬಿ. ಐಸಿಎಫ್ ಇದಕ್ಕಿಂತ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಕರಾವಳಿಯ ಚಂಡಮಾರುತಕ್ಕೋ ಗುಜರಾತಿನ ಕಚ್‌ಗೋ ನಾನೇ ಅದನ್ನು ಹೇಳುತ್ತಿದ್ದೆ. ನಮ್ಮ ಕಡೆ ನಿಜವಾಗಿ ಮನೆ ಬೀಳಿಸಿದ್ದು 2021ರ ನವೆಂಬರ್ ಮಳೆ. ನೆಂದು ಕುಸಿದಿದ್ದು ಮಣ್ಣಿನ ಗೋಡೆಗಳು. ಎತ್ತರದ ಪ್ಲಿಂತ್, ನೀರು ಹೋಗಲು ದಾರಿ, ಅಗಲ ಸಜ್ಜೆ ಇದ್ದರೆ ಆ ಕಷ್ಟ ಬರಲ್ಲ.

ಶಿಡ್ಲಘಟ್ಟದ ರೈತ

ಅಕ್ಕ, ಸಾರ್, ಇಬ್ಬರಿಗೂ ನಮಸ್ಕಾರ. ಮನೆ ವಿಷಯ ಅರ್ಥ ಆಯಿತು. ಆದರೆ ಹುಳದ ಮನೆ? ನಮಗೆ ಎಸಿ ಇಲ್ಲ ನಿಜ, ಹುಳಕ್ಕೆ ಬೇಕಲ್ಲ! ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ ಹುಳ ತರುತ್ತೇವೆ. ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ತನಕ 24ರಿಂದ 26 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ ಮಧ್ಯಾಹ್ನ 34 ಹೋದರೆ ಹಾಲುತೊಂಡೆ, ಸಪ್ಪೆ ರೋಗ ಎಲ್ಲ ಹೊಂಚು ಹಾಕಿ ಬರುತ್ತವೆ. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿ ಸಾಕಾಗಿದೆ. ಡಿಸೆಂಬರ್‌ನಲ್ಲಿ ಉಲ್ಟಾ, ರಾತ್ರಿಯೆಲ್ಲ ಹೀಟರ್. ಒಂದು ಬೆಳೆ ಕೈಕೊಟ್ಟರೆ ಗೂಡು ಮಾರುಕಟ್ಟೆಗೆ ಬರಿಗೈಲಿ ಹೋಗಬೇಕು.

ಚಾಕಿ ಮಾಡುವ ಅಣ್ಣ

ಇದು ಸರಿಯಾದ ಪ್ರಶ್ನೆ. ನಮ್ಮದು ಚಾಕಿ ಕೇಂದ್ರ, ಮರಿಹುಳ ಸಾಕಿ ರೈತರಿಗೆ ಕೊಡುವುದು. ಮರಿಹುಳಕ್ಕೆ 27-28 ಡಿಗ್ರಿ, ತೇವ ನೂರಕ್ಕೆ 80 ದಾಟಿರಬೇಕು. ನಮಗೆ ಶಾಖ ಏರುಪೇರಾಗದಿರುವುದೇ ಬಂಡವಾಳ. ನಾವು ಐಸಿಎಫ್ ಮಾಡಿಲ್ಲ. ಬ್ಲಾಕ್ ಗೋಡೆಗೆ ಫೋಮ್ ಅಂಟಿಸಿದ್ದೇವೆ. ಹೀಟರ್ ಉರಿಯುವ ಹೊತ್ತು ಕಣ್ಣಿಗೆ ಕಾಣುವಷ್ಟು ಕಮ್ಮಿ ಆಗಿದೆ.

ಆದರೆ ಒಂದು ಏಟು ತಿಂದಿದ್ದೇನೆ, ಕೇಳಿ. ಬಾಗಿಲು ಕಿಟಕಿ ಎಲ್ಲ ಬಿಗಿ ಮಾಡಿ ಖುಷಿಯಾಗಿದ್ದೆ. ಮೂರನೇ ದಿನ ಒಳಗೆ ಹೋದರೆ ಸೊಪ್ಪಿನ ಹಬೆ ಮುಖಕ್ಕೆ ಹೊಡೆಯಿತು, ಸೂರಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಹಾಸಿಗೆ ಒದ್ದೆ. ಆ ಬ್ಯಾಚಿಗೆ ಸುಣ್ಣಕಟ್ಟು ರೋಗ ಬಂತು. ಗೋಡೆ ಎಷ್ಟು ಬಿಗಿಯೋ ಗಾಳಿ ದಾರಿ ಅಷ್ಟು ಸರಿ ಇರಬೇಕು. ಕೆಳಗೆ ಗಾಳಿ ಕಿಂಡಿ, ಮೇಲೆ ಎಕ್ಸಾಸ್ಟ್, ಎರಡಕ್ಕೂ ಹುಳಕ್ಕೆ ಕಾಟ ಕೊಡುವ ಊಜಿ ನೊಣ ನುಸುಳದ ಜಾಲರಿ. ಬ್ಲೀಚಿಂಗ್ ಪುಡಿ ನೀರಲ್ಲಿ ತೊಳೆಯುತ್ತೇವಲ್ಲ, ಅದಕ್ಕೆ ಒಳಗೆ ನಯವಾದ ಸಿಮೆಂಟ್ ಗಾರೆ ಇರಲೇಬೇಕು.

ಕೋಲಾರದ ಸೈಟ್ ಇಂಜಿನಿಯರ್

ಹುಳದ ಮನೆಗಾದರೆ ನಾನು ಐಸಿಎಫ್ ಪರ. ಡಿಸೆಂಬರ್‌ನಲ್ಲಿ ಹೀಟರ್ ಹಾಕಿದ ತಕ್ಷಣ ಗಾಳಿ ಬಿಸಿಯಾಗುತ್ತದೆ, ಗೋಡೆ ಕಾಯುವ ತನಕ ಕಾಯಬೇಕಾಗಿಲ್ಲ.

ತುಮಕೂರಿನ ಆರ್ಕಿಟೆಕ್ಟ್ ಅಕ್ಕ

ತಕ್ಷಣ ಬಿಸಿಯಾಗುವುದು ತಕ್ಷಣ ತಣ್ಣಗೂ ಆಗುತ್ತದೆ ಸಾರ್. ಕರೆಂಟ್ ಹೋದ ರಾತ್ರಿ, ಎಕ್ಸಾಸ್ಟ್ ಕಿಂಡಿ ತೆಗೆದಾಗ, ಒಳಗೆ ಕಾದ ಗೋಡೆ ಇದ್ದರೆ ಅದೇ ಹುಳವನ್ನು ಕಾಪಾಡುತ್ತದೆ. ನನ್ನ ಓಟು ಒಳಗೆ ಬ್ಲಾಕ್, ಹೊರಗೆ ಎರಡು ಇಂಚು ಫೋಮ್, ಜಾಲರಿ, ಗಾರೆ. ಊರಿನ ಗಾರೆಯವರೇ ಮಾಡಬಹುದು, ಪಂಪಿನವನ ಆತುರ ಇರಲ್ಲ. ಫೋಮ್ ನಡುವೆ ಇದ್ದು ಎರಡೂ ಕಡೆ ಕಾಂಕ್ರೀಟ್ ಹೊಡೆಯುವ ಪ್ಯಾನಲ್ ಕೂಡ ದೇಶದಲ್ಲಿ ಸಿಗುತ್ತದೆ, ಐಸಿಎಫ್‌ನ ಉಲ್ಟಾ. ವಿಡಿಯೋ ನೋಡುವಾಗ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಶಿಡ್ಲಘಟ್ಟದ ರೈತ

ಹತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ. ಅಕ್ಕ ಹೇಳಿದ್ದು ನಿಜವಾ ಅಂತ ಹಳೇ ಮನೆ ಮೇಲೇ ನೋಡಿಬಿಟ್ಟೆ. ಪೇಟೆಯಿಂದ ಎರಡು ಇಂಚಿನ ಥರ್ಮಾಕೋಲ್ ಹಾಳೆ ತಂದು ನಡುಮನೆಯ ಅರ್ಧ ಚಪ್ಪಡಿ ಮೇಲೆ ಹಾಸಿದೆ. ಅದರ ಮೇಲೆ ಬಿಳಿ ಪ್ಲಾಸ್ಟಿಕ್ ಗೊಬ್ಬರದ ಚೀಲ, ಗಾಳಿಗೆ ಹಾರದಂತೆ ಇಟ್ಟಿಗೆ. ಇನ್ನರ್ಧ ಹಾಗೇ ಬಿಟ್ಟೆ. ಹುಳದ ಮನೆಯ ಎರಡು ಥರ್ಮಾಮೀಟರ್ ತಂದು ಒಳಗಡೆ ಚಪ್ಪಡಿಗೆ ಟೇಪಿನಲ್ಲಿ ಅಂಟಿಸಿದೆ. ಸಂಜೆ ಏಳಕ್ಕೆ ಬರೀ ಕಲ್ಲಿನ ಕಡೆ 41, ಹಾಳೆ ಹಾಸಿದ ಕಡೆ 33. ಥರ್ಮಾಮೀಟರೇ ಬೇಡ, ಸ್ಟೂಲ್ ಹತ್ತಿ ಅಂಗೈ ಇಟ್ಟರೆ ಎರಡು ಬೇರೆ ಊರು ಅನ್ನಿಸುತ್ತದೆ.

ಕಾಗೆಗಳು ಒಂದು ಮೂಲೆ ಕುಕ್ಕಿ ಹಾಳೆಯನ್ನು ಪುಡಿ ಮಾಡಿವೆ, ಅಂಗಳದ ತುಂಬಾ ಬಿಳಿ ಕಾಳು. ಅಮ್ಮ ಗುಡಿಸಿ ಗುಡಿಸಿ ಬೈಯುತ್ತಿದ್ದಾರೆ. ಹೊಸ ಮನೆಗೆ ಮಾಲೂರು ಇಟ್ಟಿಗೆ ಗೋಡೆ, ಮೋಲ್ಡ್ ಮೇಲೆ ಫೋಮ್, ಅದರ ಮೇಲೆ ಬಿಳಿ ಹೆಂಚಿನ ಚೂರು ಅಂತ ತೀರ್ಮಾನ ಆಯಿತು. ಹುಳದ ಮನೆಗೆ ಅಕ್ಕನ ಲೆಕ್ಕವೇ. ಅಪ್ಪ ಏನೂ ಹೇಳಲಿಲ್ಲ. ಮೊನ್ನೆ ರಾತ್ರಿ ನೋಡಿದರೆ ಚಾಪೆ ಜಗಲಿಯಿಂದ ನಡುಮನೆಗೆ ಬಂದಿತ್ತು, ಹಾಳೆ ಹಾಸಿದ ಅರ್ಧಕ್ಕೆ ಸರಿಯಾಗಿ.

ಮಾಲೂರಿನ ಗಾರೆ ಕೆಲಸದವನು

ಇಟ್ಟಿಗೆ ಎಷ್ಟು ಲೋಡ್ ಬೇಕು ಹೇಳಪ್ಪ. ಹಾಗೇ ಆ ಹಾಳೆ ಎಲ್ಲಿ ಸಿಕ್ಕಿತು, ರೇಟ್ ಎಷ್ಟು? ನಮ್ಮ ಮನೆಯದೂ ಬರೀ ಮೋಲ್ಡೇ.